ಸೀರಿಯಸ್ ಅಂದರೆ ಏನು

ಪ್ರೀತಿಯ ದೀರ್ಘ,

ನೀನು ತೀರಿಕೊಂಡು ಮೂರು ವಾರವಾಯಿತು. ಪತ್ರ ತಲುಪುವುದಿಲ್ಲವೆಂದು ಗೊತ್ತು. ತಲುಪಿದ್ದರೆ ನೀನು ಮೊದಲು ಕಾಗುಣಿತ ತಿದ್ದಿ, ಆಮೇಲೆ ಓದುತ್ತಿದ್ದೆ.

ಮುದ್ರಣಾಲಯದಲ್ಲಿ ಒಂದೇ ಮೇಜಿನ ಆಚೆ ಈಚೆ ಕೂತು ಇಪ್ಪತ್ತೊಂದು ವರ್ಷ ಕರಡು ತಿದ್ದಿದೆವು. ನೀನು ಉದ್ದ, ನಾನು ಗಿಡ್ಡ. ನಮ್ಮ ಬೈಂಡರ್ ನಿನಗೆ ದೀರ್ಘ, ನನಗೆ ಹ್ರಸ್ವ ಎಂದು ಹೆಸರಿಟ್ಟ. ಕನ್ನಡಕ್ಕೆ ಬಂದು ಠಿಕಾಣಿ ಹೂಡಿದ ಇಂಗ್ಲಿಷ್ ಪದಗಳೆಂದರೆ ನಿನಗೆ ಪ್ರಾಣ. "ಸೀರಿಯಸ್ ನೋಡು. ಹುಡುಗ ಸೀರಿಯಸ್ ಅಂದ್ರೆ ಚೆನ್ನಾಗಿ ಓದ್ತಾನೆ. ಸಾಹೇಬ್ರು ಸೀರಿಯಸ್ ಅಂದ್ರೆ ಸಿಟ್ಟಾಗಿದ್ದಾರೆ. ಅಜ್ಜ ಸೀರಿಯಸ್ ಅಂದ್ರೆ ಎಲ್ರೂ ಬೇಗ ಬಂದ್ಬಿಡಿ," ಎಂದು ನೀನು ನಗುತ್ತಿದ್ದೆ. ಇಷ್ಟು ಪಾಠ ಹೇಳಿಸಿಕೊಂಡವನು ನಾನು.

ಆಮೇಲೆ ಆ ಶಾಲಾ ಪುಸ್ತಕ ಬಂತು. "ಮಕ್ಕಳ ಹಿತವೇ ನಮ್ಮ ಗುರಿ" ಎಂಬಲ್ಲಿ 'ಹಿ'ಯ ಗುಡಿಸು ಹಾರಿಹೋಗಿ, "ಮಕ್ಕಳ ಹತವೇ ನಮ್ಮ ಗುರಿ" ಎಂದು ಅಚ್ಚಾಯಿತು. ಕೊನೆಯ ಕರಡು ನೋಡಿದವನು ನಾನು. ಮಾಲೀಕರು ಕೇಳಿದಾಗ ನಾಲಿಗೆ ಹೊರಳಿತು, "ಇವನು ನೋಡಿದ್ದು," ಎಂದೆ. ನೀನು ನನ್ನನ್ನು ದೂರದೆ ಕನ್ನಡಕವನ್ನು ಜೇಬಿಗಿಟ್ಟುಕೊಂಡು ಕೆಲಸ ಬಿಟ್ಟು ಹೋದೆ. ಕ್ಷಮೆ ಕೇಳುವುದನ್ನು ನಾಳೆ ನಾಳೆ ಎಂದು ನಾಲ್ಕು ತಿಂಗಳು ತಳ್ಳಿದೆ.

ಜ್ವರವೆಂದು ನಾನು ರಜೆ ಹಾಕಿ ಮನೆಯಲ್ಲಿದ್ದಾಗ ಬೈಂಡರ್ ಫೋನ್ ಮಾಡಿದ. "ಸಾರ್, ದೀರ್ಘಣ್ಣ ಸೀರಿಯಸ್ಸಾಗಿದ್ದಾರೆ. ಒಂದ್ಸಲ ಹೋಗಿ ಮಾತಾಡಿಸಿ," ಎಂದ. ನಿನ್ನ ಸಿಟ್ಟು ಇನ್ನೂ ಇಳಿದಿಲ್ಲ, ರಾಜಿ ಮಾಡಿಸಲು ನಿನ್ನ ಮನೆಯವರು ಇವನನ್ನು ಹಿಡಿದಿದ್ದಾರೆ ಎಂದುಕೊಂಡೆ. ತಪ್ಪು ಮಾಡಿದವನಿಗೇ ಬಿಗುಮಾನ ಹೆಚ್ಚು. "ನಾನೂ ಸೀರಿಯಸ್ಸಾಗೇ ಇದ್ದೀನಿ ಅಂತ ಹೇಳು," ಎಂದು ಫೋನ್ ಇಟ್ಟೆ. ಪಾಪ, ಅವನು ಹೇಳಿದ್ದನ್ನು ಹೇಳಿದ ಹಾಗೇ ಆಸ್ಪತ್ರೆಗೆ ಮುಟ್ಟಿಸಿದ.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ನಿನ್ನ ಮಗಳು. ಕೈಯಲ್ಲಿ ಗಂಜಿಯ ಫ್ಲಾಸ್ಕು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಓಡಾಡ್ತಿದ್ದೀರಲ್ಲ ಚಿಕ್ಕಪ್ಪ? ನೀವು ಸೀರಿಯಸ್ ಅಂತ ಅಪ್ಪ ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ. 'ನನ್ನ ಹತ್ರ ಅಮ್ಮ ಇದ್ದಾಳೆ, ಅವನು ಒಂಟಿ, ನೀನು ಅಲ್ಲಿಗೆ ಹೋಗು' ಅಂತ ಕಳಿಸಿದ್ರು," ಎಂದಳು. ಆಗ ನನಗೆ ಅರ್ಥವಾಯಿತು. ಚಪ್ಪಲಿಯನ್ನೂ ಮೆಟ್ಟದೆ ಅವಳ ಜೊತೆ ಓಡಿ ಬಂದೆ. ಅಷ್ಟರಲ್ಲಿ ದಾದಿ ನಿನ್ನ ಮಂಚದ ಸುತ್ತ ಪರದೆ ಎಳೆದಿದ್ದಳು.

ನಿನ್ನ ಕೊನೆಯ ಗಳಿಗೆಯನ್ನು ನಿನ್ನ ಮಗಳಿಂದ ಕಸಿದುಕೊಂಡವನು ನಾನು. ಅವಳೂ ನನ್ನನ್ನು ದೂರಲಿಲ್ಲ. ಅದು ನಿನ್ನದೇ ಗುಣ. ಕೊನೆಯ ಕರಡು ನೋಡಿದವನು ನಾನೆಂದು ಇವತ್ತು ಮಾಲೀಕರಿಗೆ ಹೇಳಿದೆ, ಎಲ್ಲರೆದುರಿಗೆ. ನನ್ನನ್ನು ಕ್ಷಮಿಸು.

ನೀನು ಮಗಳನ್ನು ಕಳಿಸಿದ್ದಕ್ಕೆ ಉತ್ತರ ಕೊಡುವುದು ಬಾಕಿ ಇದೆ. ನಾನು ಕ್ಷೇಮ. ಜ್ವರ ಆವತ್ತೇ ಬಿಟ್ಟಿತ್ತು. ಇನ್ನು ನನ್ನ ಚಿಂತೆ ಬಿಟ್ಟು ಕಣ್ಣು ಮುಚ್ಚಿ ಮಲಗು.

ನಿನ್ನ,
ಹ್ರಸ್ವ