ನೀಲಿ ಕಾಳು

ಧಾರವಾಡ, ಜುಲೈ 2004

ಯವ್ವಾ,

ಇವತ್ತ ನಮ್ಮ ಲ್ಯಾಬಿಗೆ ಕಾಳು ಕಾಸೋ ಓವನ್ ಬಂತು. ಧೂಳು ಹೊರಗ ಹೋಗಾಕ ಪೈಪೂ ಐತಿ. ಬೇಡಿ ಬೇಡಿ ಸಾಕಾಗಿತ್ತು.

ಪ್ಲಾಸ್ಮಾ, ಅಂದ್ರ ಧಗಧಗ ಕಾದ ಗ್ಯಾಸು, ಎಷ್ಟು ದಟ್ಟ ಐತಿ ಅಂತ ಅಳ್ಯಾಕ ನಾವು ಮಾಡೋ ಲೇಸರ್ ಬೆಳಕು ಕಣ್ಣಿಗೆ ಕಾಣೂದಿಲ್ಲ ಅಂದ್ರ ನೀ ನಗತಿದ್ದಿ. ಮಳಿಗಾಲದ ಹಸಿ ಗಾಳಿ ಆ ಬೆಳಕನ್ನ ದಾರ್ಯಾಗನ ನುಂಗಿಬಿಡ್ತೈತಿ. ಗಾಳಿ ಒಣಗಿಸಾಕ ಸಿಲಿಕಾ ಜೆಲ್ ಕಾಳು ಇಡತಿದ್ವಿ. ನೀಲಿ ಕಾಳು ತ್ಯಾವ ಹೀರಿ ಗುಲಾಬಿ ಆದ್ರ, ಚೀಲದಾಗ ತುಂಬಿ ಮಾಳಮಡ್ಡಿ ಮನಿಗೆ ತರತಿದ್ದೆ. ನೀ ಅವನ್ನ ಶೇಂಗಾ ಹುರಿದಂಗ ಹುರೀತಿದ್ದಿ. ಹಸಿ ಗಾಳಿ ಒಳಗ ಬರಬಾರದಂತ ನಾನ ಕಿಡಕಿ ಮುಚ್ಚಸ್ತಿದ್ದೆ. "ಮತ್ತ ನೀಲಿ ಆದ್ವು ನೋಡ ಬಾ" ಅಂತ ಕೆಮ್ಮಕೋಂತ ಕರೀತಿದ್ದಿ.

ಓವನ್ ಕೂಡಿಸಾಕ ಬಂದವ ಅಂದ, "ಈ ಕಾಳಿನ ಧೂಳು ಎದಿಗೆ ಛಲೋ ಅಲ್ರಿ ಮೇಡಂ. ಇಷ್ಟ ದಿನ ಎಲ್ಲಿ ಕಾಸತಿದ್ರಿ?"

"ಮನ್ಯಾಗ."

"ಅಲ್ಲಿ ಹತ್ರ ಯಾರೂ ಇರತಿರಲಿಲ್ಲ, ಹೌದಿಲ್ರಿ?"

ನಮ್ಮ ಪ್ರೊಫೆಸರ್ ತಲಿ ಎತ್ತಿ ನನ್ನ ನೋಡಿದ್ರು. ನೀ ತೀರಿಕೊಂಡಾಗ ಮಣ್ಣಿಗೆ ಬಂದಿದ್ರು ಅವರು.

"ಯಾರೂ ಇರತಿರಲಿಲ್ರಿ" ಅಂದೆ.