ಇನ್ನೂರ ಹನ್ನೆರಡನೆಯವನ ಸರದಿ

ಬೊಗೋಟಾ,
ನವೆಂಬರ್ ಒಂಬತ್ತು, ಭಾನುವಾರ

ಪ್ರೀತಿಯ ಅಮ್ಮಾ,

ಮೊದಲೇ ಹೇಳಿಬಿಡುತ್ತೇನೆ, ಅಕ್ಷರ ಸೊಟ್ಟಗಿದೆ, ಕಾಗುಣಿತ ಅದಕ್ಕಿಂತ ಸೊಟ್ಟ. ಐದನೇ ಕ್ಲಾಸು ಬಿಟ್ಟ ಮೇಲೆ ನಾನು ಪೆನ್ನಿಗಿಂತ ಸೌಟು ಹಿಡಿದದ್ದೇ ಹೆಚ್ಚು, ಮೇಲೆ ಇಲ್ಲಿನ ಚಳಿಗೆ ಬೆರಳು ಬಗ್ಗುವುದಿಲ್ಲ. ತಪ್ಪಿದ್ದ ಕಡೆ ನೀನೇ ಸರಿಮಾಡಿಕೊಂಡು ಓದು, ಯಾರಿಗೂ ತೋರಿಸಬೇಡ.

ನಿನ್ನ ಸೊಂಟ ಹೇಗಿದೆ? ಪರವಾಗಿಲ್ಲ ಎಂದು ಬರೆಯಬೇಡ. ನೀನು ಪರವಾಗಿಲ್ಲ ಅಂದರೆ ಮಗ್ಗುಲು ಬದಲಿಸಲೂ ಆಗುತ್ತಿಲ್ಲ ಎಂದೇ ಅರ್ಥ ಅಂತ ಲಿಸಾಂದ್ರೊ ಅಣ್ಣ ಹೇಳುತ್ತಾನೆ. ಆ ಸೊಂಟ ಇಟ್ಟುಕೊಂಡು ಈಗಲೂ ಕಡಲಂಚಿನ ಕಾಂಡ್ಲಾ ಕಾಡಿನ ಕೆಸರಿಗಿಳಿದು ಚಿಪ್ಪಿ ಹೆಕ್ಕುತ್ತೀಯಂತೆ. ಕ್ರಿಸ್ಮಸ್ ಕಳೆದ ಮೇಲೆ ಎವೆಲಿಯೊ ಮಾವನ ದೋಣಿಯಲ್ಲಿ ಬುಯೆನವೆಂತುರಾ ಬಂದರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಆಪರೇಷನ್‌ಗೆ ಬರುತ್ತೇನೆ ಎಂದು ಬರೆದಿದ್ದೀಯಲ್ಲ, ಅದನ್ನು ಆಸ್ಪತ್ರೆಯ ನರ್ಸಿಗೆ ಹೇಳಿದೆ. ಅವಳು ನನ್ನನ್ನೇ ಬೈದಳು. ಅಲೆ ಎತ್ತಿ ಕುಕ್ಕುವ ದೋಣಿಯಲ್ಲಿ ದಿನವಿಡೀ ಕೂರಿಸಿ ತಂದರೆ ಆಮೇಲೆ ಆಪರೇಷನ್ ಮಾಡಲು ಸೊಂಟದಲ್ಲಿ ಏನೂ ಉಳಿದಿರುವುದಿಲ್ಲವಂತೆ. ವಿಮಾನದಲ್ಲೇ ಕರೆತರಬೇಕು ಎಂದಳು. ನಾನೇನು ಹೇಳಲಿ? ನಮ್ಮೂರಿಗೆ ಬರುತ್ತಿದ್ದ ಆ ಪುಟ್ಟ ವಿಮಾನ ನಿಂತು ಎರಡು ವರ್ಷವಾಯಿತು. ನಿನ್ನ ಮಗನೇ ಪೈಲಟ್ಟು, ಕಾಲಿ ನಗರದಿಂದ ಪನಾಮಾಗೆ ಹೋಗುವಾಗ ನಿನ್ನ ಹೆಂಚಿನ ಮೇಲೆಯೇ ಹಾದುಹೋಗುತ್ತಾನೆ, ಆದರೆ ಇಳಿಯುವ ಹಾಗಿಲ್ಲ. ನಮ್ಮೂರಿನ ರನ್‌ವೇ ಮುಗಿದು ಸಮುದ್ರ ಶುರುವಾದರೂ ಜೆಟ್ ಓಡುತ್ತಲೇ ಇರುತ್ತದೆ.

ಅದಕ್ಕೇ ಈ ವರ್ಷ ನಮಗೆ ಅಷ್ಟು ಆಸೆಯಾದದ್ದು. ಅಣ್ಣನ ಕಂಪನಿ ಟರ್ಬೊಪ್ರಾಪ್ ಎನ್ನುವ ವಿಮಾನ ಕೊಳ್ಳುತ್ತೇವೆ ಎಂದಿತು. ರೆಕ್ಕೆಗೆ ದೊಡ್ಡ ಪಂಖ ಇರುತ್ತದೆ, ಗಿಡ್ಡ ರನ್‌ವೇ ಸಾಕು. ಹೋಗುವ ಊರುಗಳ ಪೈಕಿ ನಮ್ಮ ಪುಂತಾ ಪಿಯಾಂಗ್ವಾ ಕೂಡ ಇತ್ತು. ಆದರೆ ಪೈಲಟ್ಟರ ಸಂಘದ ಜೊತೆ ಕಂಪನಿಗೆ ಹಳೆಯ ಒಪ್ಪಂದವಿದೆ, ಅವರ ಒಪ್ಪಿಗೆ ಇಲ್ಲದೆ ಕಂಪನಿಯ ಹೆಸರಿನಲ್ಲಿ ಜೆಟ್ ಬಿಟ್ಟು ಬೇರೇನೂ ಹಾರುವಂತಿಲ್ಲ. ಹಾಗಾಗಿ ಸಭೆಯ ಮೇಲೆ ಸಭೆ. ನಾನು ಕೆಲಸ ಮಾಡುವ ಸಂಘದ ಅಡುಗೆಮನೆಯಲ್ಲಿ ನಾನೂ ಜೊತೆಯ ಗ್ರಾಸಿಯೆಲಾ ಅಕ್ಕನೂ ಕಾಫಿ ಕಾಯಿಸಿ ಕಾಯಿಸಿ ಸಾಕಾದೆವು. ಮಾತೆಲ್ಲ ನನ್ನ ಕಿವಿಗೆ ಬಿದ್ದದ್ದು ಹಾಗೆ.

ಅವರ ಪದ್ಧತಿ ಒಂದಿದೆ ಅಮ್ಮಾ, ಅದು ಗೊತ್ತಿಲ್ಲದಿದ್ದರೆ ನನ್ನ ಸಿಟ್ಟು ನಿನಗೆ ಅರ್ಥವಾಗುವುದಿಲ್ಲ. ಕೆಲಸಕ್ಕೆ ಸೇರಿದ ದಿನ ಪ್ರತಿಯೊಬ್ಬ ಪೈಲಟ್ಟಿಗೆ ಒಂದು ನಂಬರ್ ಬರುತ್ತದೆ. ಮುಂದಿನವರು ನಿವೃತ್ತರಾದರೆ, ಸತ್ತರೆ, ಬಿಟ್ಟುಹೋದರೆ ಮಾತ್ರ ಅದು ಮೇಲೇರುತ್ತದೆ. ರಜೆ, ದಾರಿ, ಯಾರು ಮೊದಲು ಕ್ಯಾಪ್ಟನ್ ಆಗುತ್ತಾರೆ ಎನ್ನುವುದು, ಎಲ್ಲವೂ ನಂಬರ್ ಪ್ರಕಾರ. ಅಣ್ಣ ಇನ್ನೂರ ಹನ್ನೆರಡು. ಸಭೆಯಲ್ಲಿ ಮಾತೂ ಹಾಗೆಯೇ, ಒಂದನೆಯವರಿಂದ ಶುರು. ಎಂಪನಾಡ ಕಡುಬಿನ ತಟ್ಟೆ ಕೂಡ ಹಾಗೆಯೇ ಸಾಗಿ ಅಣ್ಣನ ಸಾಲಿಗೆ ಬರುವಾಗ ಬರೀ ಪುಡಿ ಉಳಿದಿರುತ್ತದೆ. ಮಾತೂ ಅಷ್ಟೇ. ಮುಂದಿನವರು ಮಾತಾಡಿ ಮುಗಿಸುವಷ್ಟರಲ್ಲಿ ಬಾಗಿಲು ಹಾಕುವ ಹೊತ್ತಾಗುತ್ತದೆ.

ಒಂದನೆಯವರು ಕ್ಯಾಪ್ಟನ್ ಸಂಕ್ಲೆಮೆಂತೆ. ಬೆಳ್ಳಿ ಮೀಸೆ, ಕಾಫಿಗೆ ಸಕ್ಕರೆ ಬೇಡ. ಪಂಖದ ವಿಮಾನಕ್ಕೆ ಅವರು ಇಟ್ಟ ಹೆಸರು ಮಿಕ್ಸಿ. ಮೊದಲ ಸಭೆ ಮುಗಿಯುವಷ್ಟರಲ್ಲಿ ಎಲ್ಲರ ಬಾಯಲ್ಲೂ ಮಿಕ್ಸಿಯೇ. “ಜೆಟ್ ಹಾರಿಸಿ ಕೂದಲು ಹಣ್ಣಾಯ್ತು ಕಣ್ರಯ್ಯಾ, ಈಗ ಹೋಗಿ ಮಿಕ್ಸಿ ತಿರುಗಿಸು ಅಂದ್ರೆ ಹೇಗೆ?” ಅಂದರು. ಕ್ಯಾಪ್ಟನ್ ಪೆರಾಲ್ತಾ ಎನ್ನುವ ಹೆಂಗಸು ಸುಮ್ಮನಿರುವವರಲ್ಲ. “ನಿಮ್ಮನ್ನ ಯಾರು ತಿರುಗ್ಸಿ ಅಂದ್ರು ಸಾರ್? ಹಿಂದಿನ ಸಾಲಿನ ಹುಡುಗ್ರು ತಿರುಗಿಸ್ತಾರೆ. ನಾವು ಬೇಡ ಅಂದ್ರೆ ಕಂಪನಿಯೋರು ಬೇರೆ ಹೆಸರಿನ ಬೋರ್ಡು ಹಾಕ್ಕೊಂಡು ಅರ್ಧ ಸಂಬಳಕ್ಕೆ ಹೊರಗಿನೋರನ್ನ ಕೂರಿಸ್ತಾರೆ. ಆಮೇಲೆ ನಾವು ಕಿಟಕೀಲಿ ನೋಡ್ತಾ ಕೂತಿರೋಣ.” ಇನ್ನೊಬ್ಬರು ಎದ್ದು, “ಇವತ್ತು ಹಳ್ಳಿಗೆ ಮಾತ್ರ ಅಂತಾರೆ, ನಾಳೆ ಮೆದೆಯಿನ್ ನಗರಕ್ಕೂ ಅದನ್ನೇ ಹಾಕ್ತಾರೆ, ನಾಡಿದ್ದು ನಮ್ಮ ಜೆಟ್ ಮಾರ್ತಾರೆ, ನೋಡ್ತಿರಿ” ಎಂದರು. ಆ ಭಯ ಸುಳ್ಳಲ್ಲ ಎಂದು ಅಣ್ಣನೇ ಒಪ್ಪುತ್ತಾನೆ. ಬೇರೆ ದೇಶಗಳಲ್ಲಿ ಹಾಗೆ ಆಗಿದೆಯಂತೆ. ಅದು ನನಗೂ ಅರ್ಥವಾಗುತ್ತದೆ. ಆದರೆ ಆಮೇಲೆ ಆದದ್ದನ್ನು ಮಾತ್ರ ನುಂಗಿಕೊಳ್ಳಲಾಗುತ್ತಿಲ್ಲ.

ಕೊನೆಯ ಸಭೆಯಲ್ಲಿ ಕಾರ್ಯದರ್ಶಿ ಊರುಗಳ ಹೆಸರು ಓದಿದರು. ಪುಂತಾ ಪಿಯಾಂಗ್ವಾ ಎಂದಾಗ ಸಂಕ್ಲೆಮೆಂತೆ ಕನ್ನಡಕ ತೆಗೆದರು. ಪೈಲಟ್ಟರ ನಕ್ಷೆಯಲ್ಲಿ ಆಕಾಶದ ಬಿಂದುಗಳಿಗೆಲ್ಲ ಪುಟ್ಟ ಪುಟ್ಟ ಹೆಸರಿರುತ್ತವೆ, ನಮ್ಮೂರಿನ ಮೇಲಿನ ಬಿಂದುವಿಗೆ ಪಿಯಾಂಗ್ ಎಂದು ಹೆಸರು. “ಇದೇನ್ರೀ ತಮಾಷೆ? ಪಿಯಾಂಗ್ ಅಂದ್ರೆ ನಾವು ಬಲಕ್ಕೆ ತಿರುಗೋ ಜಾಗ. ಅದು ಊರೇನ್ರೀ? ಅಲ್ಲಿ ಯಾರು ಹತ್ತುತ್ತಾರೆ, ಮೀನುಗಳಾ?” ಎಂದರು. ಸಭೆಗೆ ಸಭೆಯೇ ನಕ್ಕಿತು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ ಅಮ್ಮಾ, ಅದೇ ನನಗೆ ಹೆಚ್ಚು ಚುಚ್ಚಿದ್ದು. ಇಷ್ಟು ವರ್ಷ ನಮ್ಮ ತಲೆಯ ಮೇಲೆ ಬಲಕ್ಕೆ ತಿರುಗಿದ ಮನುಷ್ಯನಿಗೆ ಕೆಳಗೆ ಶಾಲೆ, ಚರ್ಚು, ಒಲೆ ಹೊಗೆ ಇದೆ ಎಂಬುದು ನಿಜವಾಗಿಯೂ ಗೊತ್ತಿರಲಿಲ್ಲ. ಟ್ರೇ ಹಿಡಿದು ನಿಂತಿದ್ದ ನಾನು ಅಣ್ಣನ ಕಡೆ ನೋಡಿದೆ. ಅವನು ತನ್ನ ಬೂಟು ನೋಡುತ್ತಿದ್ದ. ಗ್ರಾಸಿಯೆಲಾ ಅಕ್ಕ ನನ್ನ ತೋಳು ಚಿವುಟಿ, “ನಿಮ್ಮಣ್ಣನಿಗೆ ಬಾಯಿಲ್ವೇನೇ?” ಎಂದಳು. “ಬಾಯಿದೆ ಅಕ್ಕಾ, ಸರದಿ ಬಂದಿಲ್ಲ” ಎಂದೆ. “ಸರದಿ ಬರೋಷ್ಟರಲ್ಲಿ ಹಲ್ಲು ಉದುರಿರುತ್ತೆ ಬಿಡು” ಎಂದಳು.

ಆಮೇಲೆ ಮತ ಹಾಕಿದರು, ಅದೂ ನಂಬರ್ ಕೂಗಿ. ಒಬ್ಬೊಬ್ಬರೇ ಎದ್ದು ಬೇಕು ಅಥವಾ ಬೇಡ ಎನ್ನಬೇಕು. ನೂರೈವತ್ತು ದಾಟುವಾಗಲೇ ಬೇಡ ಎನ್ನುವವರು ಗೆದ್ದಾಗಿತ್ತು. ಜನ ಕೋಟು ಹಾಕಿಕೊಳ್ಳುತ್ತಿದ್ದರು, ಕುರ್ಚಿ ಎಳೆಯುತ್ತಿದ್ದರು, ಸಂಕ್ಲೆಮೆಂತೆ ಯಾರಿಗೋ ಮೊಮ್ಮಗಳ ಫೋಟೊ ತೋರಿಸುತ್ತಿದ್ದರು. ಆ ಗದ್ದಲದಲ್ಲಿ ಅಣ್ಣ ಎದ್ದು ನಿಂತ. “ಇನ್ನೂರ ಹನ್ನೆರಡು. ಬೇಕು. ನಾನು ಹುಟ್ಟಿದ್ದು ಆ ಬಲಕ್ಕೆ ತಿರುಗೋ ಜಾಗದಲ್ಲೇ.” ಕಾರ್ಯದರ್ಶಿ ತಲೆಯೆತ್ತದೆ, “ಬೇಕು, ಬೇಡ, ಇಷ್ಟೇ ಹೇಳಪ್ಪಾ” ಎಂದು ಮುಂದಿನ ನಂಬರ್ ಕೂಗಿದರು.

ಮನೆಗೆ ಬಂದವಳೇ ನಾನು ಅವನ ಮೇಲೆ ಹರಿಹಾಯ್ದೆ. ನಿನಗೆ ಗೊತ್ತಲ್ಲ, ಹೊರಗೆ ನನ್ನ ದನಿ ಏಳುವುದಿಲ್ಲ, ಮನೆಯಲ್ಲಿ ಮಾತ್ರ ಏಳುತ್ತದೆ. ಅವರು ನಕ್ಕಾಗಲೇ ಯಾಕೆ ಏಳಲಿಲ್ಲ, ಅಮ್ಮನ ಸೊಂಟಕ್ಕಿಂತ ನಿನ್ನ ನಂಬರ್ ದೊಡ್ಡದಾಯಿತೇ ಎಂದು ಕೇಳಿದೆ. ಅವನು ಬೂಟಿನ ದಾರ ಬಿಚ್ಚುತ್ತಾ, “ಆ ನಂಬರ್ರೇ ಕಣೇ ನನ್ನನ್ನ ಕಾಯೋದು. ಅದಿಲ್ದಿದ್ರೆ ಮ್ಯಾನೇಜರ್ ಅಳಿಯ ಮೊದಲು ಕ್ಯಾಪ್ಟನ್ ಆಗ್ತಾನೆ, ಅವನ ಗೆಳೆಯ ಆಮೇಲೆ ಆಗ್ತಾನೆ. ಕಾಂಡ್ಲಾ ಕೆಸರಿಂದ ಬಂದ ಕರಿಯ ನಾನು, ನನ್ನನ್ನ ಯಾರು ಕರೀತಾರೆ? ನಾನೇ ಸಾಲು ಮುರಿದ್ರೆ ನಾಳೆ ನನಗೋಸ್ಕರ ಸಾಲು ಎಲ್ಲಿರುತ್ತೆ?” ಎಂದ. ಅವನು ಹೇಳಿದ್ದು ಸರಿ, ನನ್ನ ಸಿಟ್ಟೂ ಸರಿ, ಎರಡೂ ಸರಿಯಿದ್ದು ನೀನು ಮಾತ್ರ ಅಲ್ಲೇ ಕೂತಿದ್ದೀಯ. ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದೆ.

ಎವೆಲಿಯೊ ಮಾವನಿಗೆ, ಪಕ್ಕದ ಮನೆಯ ಮಕ್ಕಳಿಗೆ ನನ್ನ ನೆನಪು ಹೇಳು. ಭಾನುವಾರ ಚರ್ಚಿನಲ್ಲಿ ಕೂರುವಾಗ ಗೋಡೆಗೆ ಒರಗಿಕೋ, ಪಾದ್ರಿಗಳು ಏನೂ ಅಂದುಕೊಳ್ಳುವುದಿಲ್ಲ. ಮೊಣಕಾಲೂರಿ ಪ್ರಾರ್ಥಿಸಿದರೆ ಮಾತ್ರ ದೇವರಿಗೆ ಕೇಳಿಸುತ್ತದೆ ಎಂದೇನಿಲ್ಲ. ನಿನ್ನ ಆಶೀರ್ವಾದ ನಮ್ಮಿಬ್ಬರ ತಲೆಯ ಮೇಲಿರಲಿ.

ನಿನ್ನ ಮಗಳು,
ಡೆಯಾನಿರಾ

ಇದೊಂದು ಉಳಿಯಿತು: ಬರೆಯಬೇಡ ಎಂದು ಅಣ್ಣ ಹೇಳಿದ್ದಾನೆ, ಅವನು ಬ್ರೆಡ್ ತರಲು ಕೆಳಗಿಳಿದಿದ್ದಾನೆ, ಅದಕ್ಕೇ ಅವಸರ. ಅಮ್ಮಾ, ದೋಣಿ ಹತ್ತಬೇಡ. ಪೆರಾಲ್ತಾ ಹೇಳಿದಂತೆಯೇ ಆಯಿತು, ಮತ ಬಿದ್ದ ವಾರವೇ ಕಂಪನಿ ಪಂಖದ ವಿಮಾನಗಳಿಗೆ ಬೇರೆ ಹೆಸರಿನ ಬೋರ್ಡು ಹಾಕಿತು. ಶುಕ್ರವಾರ ಅಣ್ಣ ಆ ಹೊಸ ಕಂಪನಿಗೆ ಹೋಗಿ ಸಹಿ ಹಾಕಿ ಬಂದ. ನಂಬರ್ ಬಿಟ್ಟುಕೊಟ್ಟ. ಅದು ಮತ್ತೆ ಸಿಗುವುದಿಲ್ಲ, ಅವನ ಹಿಂದಿನ ಹುಡುಗ ಆಗಲೇ ಇನ್ನೂರ ಹನ್ನೆರಡಾಗಿದ್ದಾನೆ. ಸಂಬಳ ಕಡಿಮೆ, ಸಂಘದ ಗೆಳೆಯರು ಫೋನ್ ಎತ್ತುತ್ತಿಲ್ಲ, ಬೆನ್ನಿಗೆ ಚೂರಿ ಹಾಕಿದ ಎನ್ನುತ್ತಿದ್ದಾರಂತೆ. ನಾನು ಅವನನ್ನು ಬೈದೆ, ಆಮೇಲೆ ಅತ್ತೆ. ಯಾರ ಮೇಲೆ ಸಿಟ್ಟಾಗಬೇಕೋ ಗೊತ್ತಾಗುತ್ತಿಲ್ಲ. ಈಸ್ಟರ್‌ಗೆ ಮುಂಚೆ ನಮ್ಮೂರಿಗೆ ಮೊದಲ ವಿಮಾನ, ಅದನ್ನು ತನಗೇ ಕೊಡಿ ಎಂದು ಕೇಳಿದ್ದಾನೆ. ಅವನು ಬಂದಾಗ ಯಾಕೆ ಎಂದು ಕೇಳಬೇಡ, ಸುಮ್ಮನೆ ಹತ್ತಿ ಕೂತುಬಿಡು. ಅಲ್ಲಿ ಅವನು ಕ್ಯಾಪ್ಟನ್ ಆಗಬಹುದು, ಪರೀಕ್ಷೆ ಇನ್ನೂ ಇದೆ. ಪಾಸಾಗುವ ಮುಂಚೆ ಭುಜದ ಪಟ್ಟಿಗೆ ಕ್ಯಾಪ್ಟನ್ನರ ನಾಲ್ಕನೆಯ ಗೆರೆ ಹೊಲಿದರೆ ಅಪಶಕುನ ಎನ್ನುತ್ತಾರೆ ಪೈಲಟ್ಟರು. ಇವತ್ತು ಬೆಳಿಗ್ಗೆ ಅವನು ಏಳುವ ಮುಂಚೆ ಹೊಲಿದೆ. ಒಂದು ಭುಜದ್ದು ಸೊಟ್ಟಗಾಯಿತು, ಬಿಚ್ಚಿ ಮತ್ತೆ ಹೊಲಿದೆ.