ಎಡಗೈ ಹೆಬ್ಬೆರಳಿನ ಗುಳಿ

ಅಕ್ಕಾ,

ಈ ಊರಿನಲ್ಲಿ ಒಳ್ಳೆಯ ಹೊಗೆಸೊಪ್ಪಿನ ಅಂಗಡಿ ಹುಡುಕಿ ಚಪ್ಪಲಿ ಸವೆಯಿತು. ನಾಲ್ಕು ಕಡೆ ಬರೀ ಸಿಗರೇಟು, ಲೈಟರು. ಐದನೆಯದರಲ್ಲಿ ಮುದುಕ ಅಂಗಡಿಯವನು ಮರದ ಪೈಪು ಸೇದುತ್ತ ಕೂತಿದ್ದ. ಅದರ ಹೊಗೆಸೊಪ್ಪು ತುಂಬುವ ಬಟ್ಟಲಿನ ಮೇಲೆ, ಎಡಗೈಯಲ್ಲಿ ಹಿಡಿದರೆ ಮಾತ್ರ ಹೆಬ್ಬೆರಳು ಕೂರುವಂಥ ಗುಳಿ. ನಮ್ಮ ಎಡಚ ಅಪ್ಪ ಅಭ್ಯಾಸಬಲದಿಂದ ಪ್ರತಿ ಪೈಪಿಗೂ ಉಜ್ಜಿಬಿಡುತ್ತಿದ್ದ ಗುಳಿ. ಅಪ್ಪ ಕೆಲಸಕ್ಕಿದ್ದ ಪೈಪು ಕಾರ್ಖಾನೆಯ ಮಾಲೀಕ ಬೈಯುತ್ತಲೇ ತನ್ನ ಮುದ್ರೆ ಒತ್ತಿ ಎಲ್ಲವನ್ನೂ ಮಾರಿಕೊಂಡ. ಮಾಡಿದವನ ಮನೆಗೆ ಒಂದನ್ನೂ ಬಿಡಲಿಲ್ಲ, ಕಳ್ಳ.

"ಇದು ನಮ್ಮಪ್ಪ ಮಾಡಿದ್ದು" ಅಂದೆ.

"ಮುದ್ರೆ ಬೇರೆಯವರದ್ದಿದೆಯಲ್ಲಪ್ಪ?"

"ಮುದ್ರೆಯವನು ಒಂದಿನಾನೂ ಮರ ಮುಟ್ಟಿದ್ದನ್ನ ಯಾರೂ ನೋಡಿಲ್ಲ, ತಾತ. ಹೇಳಿದ ಬೆಲೆಗೆ ತಗೋತೀನಿ, ಕೊಡಿ."

"ಉಳಿದಿರೋ ಎರಡು ಹಲ್ಲು ಬೇಕಾದ್ರೆ ಕಿತ್ತು ಕೊಡ್ತೀನಿ, ಇದನ್ನ ಕೊಡಲ್ಲ. ಸ್ವಲ್ಪ ಹೊತ್ತು ಹಿಡ್ಕೋ, ಅಷ್ಟೇ."

ಗುಳಿಯಲ್ಲಿ ನನ್ನ ಹೆಬ್ಬೆರಳಿಟ್ಟೆ. ಬಟ್ಟಲು ಬೆಚ್ಚಗಿತ್ತು. ಅಪ್ಪ ಹೋದ ಮೇಲೆ ಅವನದು ಅಂತ ನಾನು ಮುಟ್ಟಿದ್ದು ಇದೊಂದೇ.

ಕಾರ್ಡಿನಲ್ಲಿ ಜಾಗ ಮುಗಿಯಿತು. ನನ್ನ ಕೆಮ್ಮು ನಿಂತಿದೆ, ಔಷಧಿ ಕಳಿಸಬೇಡ. ನೀನೇ ಬಾ, ಬೇಗ ಬಾ. ಮುದುಕನಿಗೆ ಎಂಬತ್ತು ದಾಟಿದೆ.

ನಿನ್ನ ತಮ್ಮ